ರಾಜಕುಮಾರಿಯ ಬೆಕ್ಕು, ನನ್ನ ಅಕ್ಕನ ಲಕೋಟೆ

ಅಧ್ಯಕ್ಷರಾದ ದತ್ತಾತ್ರೇಯ ಅವರೇ, ಕನ್ನಡ ತರಗತಿಯ ಮಕ್ಕಳೇ, ಶನಿವಾರದ ನಿದ್ದೆ ಬಿಟ್ಟು ಅವರನ್ನು ಕರೆತರುವ ತಂದೆತಾಯಿಗಳೇ, ಸಭಿಕರೇ,

‘ಕಾಗದ ಒಮ್ಮೆ ಕೈಬಿಟ್ಟರೆ ಬರೆದವರದ್ದಲ್ಲ...’ ಹೀಗೊಂದು ಸಾಲು ಎಲ್ಲೋ ಕೇಳಿದ ನೆನಪು. ಮುಂದಿನದು ಮರೆತಿದೆ. ಆದರೆ ಆ ಮಾತು ನಿಜವೇ? ಕೈಬಿಟ್ಟ ಕಾಗದ ತಿರುಗಿ ಬಂದರೆ ಅದು ಯಾರದ್ದು?

ಪತ್ರ ಬರೆಯುವ ಸ್ಪರ್ಧೆಯ ಬಹುಮಾನ ಕೊಡಬೇಕು, ನಾಲ್ಕು ಮಾತೂ ಆಡಬೇಕು ಎಂದು ನೀವು ಹೇಳಿದಾಗ ನನಗೆ ಏನೂ ತೋಚಲಿಲ್ಲ. ಸೆರಂಗೂನ್ ಬಡಾವಣೆಯ ನಮ್ಮ ಎದುರು ಮನೆಯ ಸನ್‌ಹೀ ಆಂಟಿ ಕೊರಿಯಾದವರು, ನಮ್ಮ ಹಾಗೇ ಈ ದೇಶಕ್ಕೆ ಬಂದವರು, ಬಂದು ಇಪ್ಪತ್ತು ವರ್ಷ. ಅವರ ಹತ್ತಿರ ಹೇಳಿಕೊಂಡೆ. ಅವರು ಒಳಗಿನಿಂದ ಒಂದು ದಪ್ಪ ಪುಸ್ತಕ ತಂದರು. ಅದರ ತುಂಬ ಅವರ ದೇಶದ ರಾಜಮನೆತನದ ಕಾಗದಗಳ ಚಿತ್ರಗಳು. ಸುಮಾರು ಮುನ್ನೂರೈವತ್ತು ವರ್ಷ ಹಳೆಯವು, ಈಗ ಆ ದೇಶದ ಅಧಿಕೃತ ನಿಧಿ.

ಯುದ್ಧ, ಸಂಧಿ, ರಾಜಾಜ್ಞೆ ಇರಬಹುದು ಅಂದುಕೊಂಡಿದ್ದೆ. ಇದ್ದದ್ದೇನು? ಹ್ಯೋಜಾಂಗ್ ಎಂಬ ರಾಜ ಮದುವೆಯಾದ ಮಗಳನ್ನು ಗದರುತ್ತಾನೆ: ಅತ್ತೆ ಮನೆಯಲ್ಲಿದ್ದು ಬೆಕ್ಕನ್ನೇಕೆ ಅಪ್ಪಿಕೊಂಡು ಕೂತಿದ್ದೀಯೆ? ನೆಗಡಿಯಾಗಿದ್ದರೆ ಔಷಧಿ ತಗೋ! ಮಕ್ಕಳೇ, ನಿಮ್ಮ ಅಜ್ಜಿ ವಾಟ್ಸಾಪ್‌ನಲ್ಲಿ ಕಳಿಸುವುದೂ ಇದನ್ನೇ ತಾನೇ? ಅದನ್ನೂ ಸ್ವಲ್ಪ ಜೋಪಾನ ಮಾಡಿ.

ಒಂದು ಹಾಳೆಯ ಮೇಲೆ ಎರಡು ಕೈಬರಹ ಇತ್ತು. ಯಾಕೆ ಎಂದು ಕೇಳಿದೆ. “ಮಗಳು ಬರೆದಳು. ಅಪ್ಪ ಖಾಲಿ ಜಾಗದಲ್ಲಿ ಉತ್ತರ ಬರೆದು ಅದೇ ಕಾಗದ ವಾಪಸ್ ಕಳಿಸಿದ,” ಎಂದರು ಆಂಟಿ.

ಸಭಿಕರೇ, ನನ್ನ ಕೈಯಲ್ಲಿದ್ದ ಕಾಫಿ ಅಲ್ಲೇ ಆರಿತು.

ನನ್ನ ತಂದೆಯೂ ಹಾಗೇ ಮಾಡುತ್ತಿದ್ದರು. ಮೈಸೂರಿನಲ್ಲಿ ಎಂ.ಎ. ಓದುವಾಗ ನಾನು ಹಾಸ್ಟೆಲಿನಿಂದ ಬರೆದ ಕಾಗದದ ಅಂಚಿನಲ್ಲೇ ಉತ್ತರ ಬರೆದು ಕಳಿಸುತ್ತಿದ್ದರು. ಅದನ್ನು ಹೇಗೆ ಮರೆತೆ?

ಇದನ್ನು ಇಲ್ಲಿ ಹೇಳಬೇಕೆಂದಿರಲಿಲ್ಲ. ಕಳೆದ ವರ್ಷ ನಮ್ಮ ಅಮ್ಮ ತೀರಿಕೊಂಡಾಗ ತಿಪಟೂರಿನ ನನ್ನ ಅಕ್ಕ ಭಾಗೀರಥಿಗೆ ಫೋನಿನಲ್ಲಿ ಒಂದು ಮಾತು ಅಂದೆ: “ಮೊದಲೇ ಡಾಕ್ಟರ್‌ಗೆ ತೋರಿಸಬೇಕಿತ್ತು.” ಒಂಬತ್ತು ವರ್ಷ ಅಮ್ಮನನ್ನು ನೋಡಿಕೊಂಡವಳಿಗೆ, ಇಲ್ಲಿ ಕೂತು ನಾನು ಅಂದ ಮಾತು. ಅವಳು ಫೋನ್ ಎತ್ತುವುದನ್ನೇ ಬಿಟ್ಟಳು. ಜನವರಿಯಲ್ಲಿ ಕ್ಷಮೆ ಕೇಳಿ ಕಾಗದ ಬರೆದೆ. ಫೆಬ್ರವರಿಯಲ್ಲಿ ಅವಳಿಂದ ಲಕೋಟೆ ಬಂತು. ಒಳಗೆ ಇಣುಕಿದರೆ ಕಂಡದ್ದು ನನ್ನದೇ ಅಕ್ಷರ. ವಾಪಸ್ ಕಳಿಸಿಬಿಟ್ಟಳಲ್ಲ ಎಂದು, ಹೊರಗೆ ತೆಗೆಯದೆ ಡ್ರಾಯರಿಗೆ ಹಾಕಿದೆ. ಅದು ಆರು ತಿಂಗಳು ಅಲ್ಲೇ ಇತ್ತು.

ಅಂದು ಆಂಟಿಯ ಮನೆಯಿಂದ ಓಡಿಬಂದು ಅದನ್ನು ಬಿಡಿಸಿದೆ. ‘ನಾನು ಹಾಗೆ ಅಂದದ್ದು ತಪ್ಪು’ ಎಂಬ ನನ್ನ ಸಾಲಿನ ಪಕ್ಕದಲ್ಲಿ ಅಕ್ಕ ಬರೆದಿದ್ದಳು: “ತಪ್ಪೇ.” ಕೆಳಗೆ: “ಏಪ್ರಿಲ್ ಹನ್ನೆರಡಕ್ಕೆ ಅಮ್ಮನ ವರ್ಷದ ತಿಥಿ. ಬಾರೇ. ನೀನಿಲ್ಲದೆ ನಾನು ಯಾರ ಹತ್ತಿರ ಜಗಳ ಆಡಲಿ?”

ನಾನು ಹೋಗಿರಲಿಲ್ಲ. ಅವಳು ಎಷ್ಟು ಹೊತ್ತು ಬಾಗಿಲು ನೋಡಿರಬಹುದು? ಒಂದು ದೇಶ ಒಂದು ಹಾಳೆಯನ್ನು ಮುನ್ನೂರೈವತ್ತು ವರ್ಷ ಕಾಪಾಡುತ್ತದೆ. ನನಗೆ ಅಕ್ಕ ಕಳಿಸಿದ ಹಾಳೆಯನ್ನು ಬಿಡಿಸಿ ನೋಡುವ ತಾಳ್ಮೆಯೂ ಇರಲಿಲ್ಲ.

ಅದೇ ಹಾಳೆಯಲ್ಲಿ ಎರಡು ಬೆರಳಿನಷ್ಟು ಜಾಗ ಉಳಿದಿತ್ತು. ಅಲ್ಲಿ ಉತ್ತರ ಬರೆದೆ.

ಬಹುಮಾನ ಗೆದ್ದ ತನಿಷಾಗೆ ಅಭಿನಂದನೆ. ಅಜ್ಜನಿಗೆ ಬರೆದ ಕಾಗದದ ಕೆಳಗೆ ಅರ್ಧ ಪುಟ ಖಾಲಿ ಬಿಟ್ಟಿದ್ದಾಳೆ, ಜಾಣೆ. ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ಕೃತಜ್ಞತೆ, ನಮಸ್ಕಾರ. ಇಂದು ಊಟಕ್ಕೆ ನಿಲ್ಲಲಾರೆ, ನಾಳೆ ಬೆಳಿಗ್ಗೆ ಬೆಂಗಳೂರಿನ ವಿಮಾನ ಹಿಡಿಯಬೇಕು. ಅಕ್ಕನಿಗೆ ಉತ್ತರ ಬರೆದ ಆ ಕಾಗದವನ್ನು ಅಂಚೆಗೆ ಹಾಕಲೆಂದೇ ಅಂದು ಹೊರಟಿದ್ದೆ. ಎದುರು ಬಾಗಿಲಲ್ಲಿ ನಿಂತಿದ್ದ ಸನ್‌ಹೀ ಆಂಟಿ ನನ್ನ ಕೈಯ ಲಕೋಟೆ ನೋಡಿ ಇಲ್ಲಿಯವರ ಇಂಗ್ಲಿಷಿನಲ್ಲೇ ಹೇಳಿದರು: “ಪೋಸ್ಟ್ ಫಾರ್ ವಾಟ್? ಯೂ ಗೋ, ಲಾ.”