ಮಿಟುಕೋ ಬಾವಲಿಗಳು

ಎತ್ತಬೇಡ! ದೊಡ್ಡಮ್ಮಾ, ಎತ್ತಬೇಡ ಅಂದ್ನಲ್ಲ... ಬಡ್ಕೊಳ್ಳಲಿ ಬಿಡು ಆ ಫೋನು. ಇನ್ನೊಂದು ನಾಲ್ಕು ಸಲ ಬಡ್ಕೊಂಡು ತಾನೇ ಸುಸ್ತಾಗುತ್ತೆ. ಹಾಂ... ನೋಡು, ಸುಮ್ನಾಯ್ತು. ಈಗ ರಿಸೀವರ್ ತೆಗೆದು ಪಕ್ಕಕ್ಕಿಡ್ತೀನಿ. ಕಿಟಕಿನೂ ಹಾಕ್ತೀನಿ. ಸೆಕೆ, ಗೊತ್ತು, ಗೊತ್ತು! ಹತ್ತು ನಿಮಿಷ ತಡ್ಕೋ ನನ್ನ ತಾಯಿ.

ಏನು ಹಾಗೆ ನೋಡ್ತೀಯಾ? ನಿನ್ನ ಪಾಡಿಗೆ ನೀನು ಪೇಪರ್ ತಿದ್ದು. ಏಳನೇ ಕ್ಲಾಸಿನ ಲೆಕ್ಕ ತಾನೆ, ಅರ್ಧ ಜನಕ್ಕೆ ಸೊನ್ನೆನೇ ಬರೋದು, ಕೈ ಆಡಿಸ್ತಾನೇ ಕೇಳು. ನಂಗೆ... ನಂಗೆ ಒಂದು ವಿಷಯ ಹೇಳೋದಿದೆ. ಇಲ್ಲ, ಕೂರಲ್ಲ. ಕೂತ್ರೆ ವಿಷಯ ಬಿಟ್ಟು ನಿನ್ನ ಪೇಪರಿಗೆ ನಾನೇ ಮಾರ್ಕ್ಸ್ ಹಾಕೋಕೆ ಶುರು ಮಾಡ್ತೀನಿ.

ನಗು ಬಂತಾ? ನಗು, ನಗು. ಇವತ್ತು ನೀನು ಒಂದು ಸಲ ಪೂರ್ತಿ ನಕ್ಕುಬಿಟ್ರೆ ನಂಗೆ ಅರ್ಧ ಜೀವ ವಾಪಸ್ ಬರುತ್ತೆ.

ಬೆಳಗ್ಗೆ ನಮ್ಮ ಗೇಟಿಗೆ ಯಾರೋ ಏನೋ ಅಂಟಿಸಿ ಹೋಗಿದ್ರು. ನೀನು ಏಳೋಕೆ ಮುಂಚೆನೇ ಕಿತ್ತು ಹಾಕ್ದೆ. ಕಪ್ಪು ಕಾಗದದಲ್ಲಿ ಕತ್ತರಿಸಿದ ಬಾವಲಿ. ಒಂದಲ್ಲ, ನಾಲ್ಕು. ಚೆಂದ ಕತ್ತರಿಸಿದ್ರು ಕಣೇ, ರೆಕ್ಕೆ-ಗಿಕ್ಕೆ ಎಲ್ಲ... ಅಯ್ಯೋ, ಪೆನ್ ಯಾಕೆ ನಿಲ್ಸಿದೆ?

ಸರಿ. ನಿನಗೆ ಗೊತ್ತಾಗಿದೆ. ಗೊತ್ತಾಗದೆ ಇರುತ್ತಾ! ಮೊನ್ನೆ ಸ್ಕೂಲಲ್ಲಿ ಆಗಿದ್ದೂ ನಂಗೆ ಗೊತ್ತು. ವ್ಯಾನ್ ಡ್ರೈವರ್ ಹೇಳ್ದ. ನೀನು ಬೋರ್ಡ್ ಕಡೆಯಿಂದ ತಿರುಗಿದ್ರೆ ಕ್ಲಾಸಲ್ಲಿ ಅರ್ಧ ಮಕ್ಕಳು ಎದ್ದು ನಿಂತಿದ್ರಂತೆ. ಅವರು ಕೂತ ತಕ್ಷಣ ಉಳಿದರ್ಧ ಎದ್ರಂತೆ. ಮತ್ತೆ ಇವರು, ಮತ್ತೆ ಅವರು... ಪಿಳಿಪಿಳಿ ಪಿಳಿಪಿಳಿ. ನೀನು ಚಾಕ್‌ಪೀಸ್ ಹಿಡ್ಕೊಂಡು ಹಾಗೇ ನಿಂತಿದ್ದೆಯಂತೆ. ಮೂವತ್ತು ವರ್ಷ ಆ ಸ್ಕೂಲಲ್ಲಿ ನಿನ್ನ ಮುಂದೆ ಒಂದು ನೊಣ ಕೂಡ ಕೇಳ್ದೆ ಹಾರಿದ್ದಿಲ್ಲ. ಮನೆಗೆ ಬಂದು ಒಂದು ಮಾತೂ ಎತ್ತಲಿಲ್ಲ ನೀನು. ಊಟಕ್ಕೆ ಬಡಿಸಿದೆ, ‘ಇನ್ನೊಂಚೂರು ಹಾಕ್ಲಾ’ ಅಂದೆ. ನಾನು ಎರಡು ಸಲ ಹಾಕಿಸ್ಕೊಂಡು ಉಂಡೆ.

ಅದು ನನ್ನಿಂದ ದೊಡ್ಡಮ್ಮ. ನಾನು ಮಾಡಿದ ವಿಡಿಯೊದಿಂದ.

ತಡಿ, ತಡಿ! ಮೊದಲಿಂದ ಹೇಳ್ತೀನಿ, ಇಲ್ದಿದ್ರೆ ನಾನು ದೊಡ್ಡ ರಾಕ್ಷಸನ ಥರ ಕಾಣ್ತೀನಿ. ‘ಮಿಂಚುಹುಳ’ ಅಂತ ಒಂದು ವಿಡಿಯೊ ಗೇಮು. ಹಳೇದು. ಗೇಮ್ ಪಾರ್ಲರಿನಲ್ಲಿ ಬೀರುವಿನಷ್ಟು ದೊಡ್ಡ ಮೆಷಿನ್ನು, ಕಾಸು ಹಾಕಿ ನಿಂತ್ಕೊಂಡು ಆಡೋದು. ಒಂದು ಗೋಪುರ, ಅದರೊಳಗೆ ಕತ್ತಲೆ, ಒಂದು ಮಿಂಚುಹುಳ ಮೇಲಕ್ಕೆ ಹಾರ್ಬೇಕು, ನಾಲ್ಕು ಬಾವಲಿ ಅಟ್ಟಿಸ್ಕೊಂಡು ಬರ್ತವೆ. ಅಷ್ಟೇ. ಅಷ್ಟಕ್ಕೇ ಜನ ಹುಚ್ಚು ಹಿಡಿದು ಕ್ಯೂ ನಿಲ್ತಿದ್ರು. ಆಮೇಲೆ ಕಂಪನಿಯವರಿಗೆ ಆಸೆ ಬಂತು, ಇದನ್ನ ಮನೆ ಟಿವಿಗೆ ಸಿಕ್ಕಿಸೋ ಡಬ್ಬಿಗೂ ತರೋಣ ಅಂತ. ಆ ಕತೆನೇ ನನ್ನ ವಿಡಿಯೊ. ಮಿಂಚುಹುಳ ಮನೆಮನೆಗೆ ಹೇಗೆ ಬಂತು, ಬಂದು ಏನು ಗತಿ ಆಯ್ತು.

ಎಷ್ಟು ಗತಿ ಅಂತೀಯಾ! ಎರಡನೇ ಡಬ್ಬಿಗೆ ಬಂದಾಗ ಬಣ್ಣ ಚೆನ್ನಾಗಿತ್ತು, ಸಂಗೀತ ಮಾತ್ರ ಹಲ್ಲುನೋವು ಬಂದವರು ಗುನುಗಿದ ಹಾಗೆ. ಮೂರನೇದು ಜೇಬಲ್ಲಿ ಇಟ್ಕೊಳ್ಳೋ ಮೆಷಿನ್ನಿಗೆ. ಅದರಲ್ಲಿ ಬಣ್ಣನೇ ಇಲ್ಲ, ಹುಳ ಯಾವ್ದು ಬಾವಲಿ ಯಾವ್ದು ದೇವರಿಗೇ ಗೊತ್ತು, ಮಕ್ಕಳು ತಾವೇ ಬಾವಲಿ ಆಗಿ ಹುಳನ ಹಿಡಿಯೋಕೆ ಓಡ್ತಿದ್ರು. ಆಮೇಲೆ ಒಂದು ಬಂತು, ಎಲ್ಲ ಉಬ್ಬಿಕೊಂಡು ನಿಜದ ಥರ ಕಾಣೋದು. ಆ ಮಿಂಚುಹುಳಕ್ಕೆ ಕೈಕಾಲು, ಮುಖ, ಹಲ್ಲು! ಹಲ್ಲು ದೊಡ್ಡಮ್ಮ! ನೋಡಿ ಮಕ್ಕಳು ಚಡ್ಡಿ ಒದ್ದೆ ಮಾಡ್ಕೊಂಡ್ರು, ಅಂಗಡಿಯವರು ಮೂಟೆ ಕಟ್ಟಿ ವಾಪಸ್ ಕಳ್ಸಿದ್ರು. ಕೊನೆಗೆ ಎಲ್ಲವನ್ನೂ ಸೇರ್ಸಿ ಒಂದೇ ಡಿಸ್ಕು ಮಾಡಿದ್ರು. ‘ಸಂಪೂರ್ಣ’ ಅಂತ ಹೆಸರಿಟ್ಟು.

ಅದರಲ್ಲಿ ಒಂದು ಮಾತ್ರ ಇಲ್ಲ. ಮೊದಲನೇದು, ಮನೆ ಟಿವಿಗೆ ಅಂತ ಮೊಟ್ಟಮೊದಲು ಬಂದಿದ್ದು. ಆ ಹಲ್ಲಿನ ಹುಳಕ್ಕೂ ಜಾಗ ಕೊಟ್ಟಿದ್ದಾರೆ, ಮೊದಲನೇದಕ್ಕೆ ಇಲ್ಲ. ಯಾಕಂದ್ರೆ...

ಯಾರದು? ಯಾರೋ ಗೇಟ್ ತೆಗೆದ ಹಾಗಾಯ್ತಲ್ಲ. ಕೇಳಿಸ್ತಾ? ಶ್... ಅಲ್ಲಾಡಬೇಡ.

...ಪಕ್ಕದ ಮನೆ. ಅಬ್ಬಾ. 

ಯಾಕಂದ್ರೆ ಮೊದಲನೇದರಲ್ಲಿ ಬಾವಲಿ ಮಿಟುಕ್ತವೆ. ಇದೆ, ಇಲ್ಲ, ಇದೆ, ಇಲ್ಲ. ಹಾಳಾದ ಟ್ಯೂಬ್‌ಲೈಟ್ ಥರ. ನಾನು ಅರ್ಧ ವಿಡಿಯೊ ಅದರ ಮೇಲೇ ಕಟ್ಟಿದೆ. ‘ಬಾವಲಿಗೆ ಕರೆಂಟ್ ಹೋಗಿದೆ’ ಅಂದೆ, ‘ಇದನ್ನ ಮಾಡಿದ ಮಹಾನುಭಾವ ಕಣ್ಣು ಪಿಳಿಪಿಳಿ ಬಿಡ್ತಾನೇ ಕೆಲ್ಸ ಮಾಡಿರ್ಬೇಕು’ ಅಂದೆ. ಕೊನೇಲಿ... ಕೊನೇಲಿ ‘ಈ ಪುಣ್ಯಾತ್ಮ ಎಲ್ಲಿದ್ದಾನೆ ಹುಡುಕಿ ಕೊಡಿ, ಸನ್ಮಾನ ಮಾಡೋಣ’ ಅಂದೆ. ತಮಾಷೆಗೆ! ತಮಾಷೆಗೆ ಅಂದಿದ್ದು ಕಣೇ! ಇಷ್ಟು ದಿನ ನಾನು ಹಾಕ್ತಿದ್ದ ತುಂಡು ವಿಡಿಯೊಗಳನ್ನ ನೋಡ್ತಿದ್ದವರು ಹನ್ನೊಂದು ಜನ, ಅದರಲ್ಲಿ ಇಬ್ಬರು ನಾನೇ. ಇದು ನಾಲ್ಕೇ ದಿನದಲ್ಲಿ ಲಕ್ಷಗಟ್ಟಲೆ ಓಡುತ್ತೆ ಅಂತ ಯಾರಿಗೆ ಗೊತ್ತಿತ್ತು?

ಅವರು ನಿಜವಾಗ್ಲೂ ಹುಡುಕಿಬಿಟ್ರು.

ವಿಡಿಯೊದಲ್ಲಿ ಒಂದು ಗ್ರಾಫ್ ಹಾಳೆ ತೋರ್ಸಿದ್ದೆ. ಚೌಕ ಚೌಕ ತುಂಬಿ ಬಾವಲಿ ಬರೆದಿರೋದು, ಪೆನ್ಸಿಲಲ್ಲಿ. ಮೂಲೆಯಲ್ಲಿ ಏನೋ ಮಸುಕಾಗಿ ಬರೆದಿತ್ತು, ನಾನು ಗಮನಿಸಲಿಲ್ಲ. ಯಾರೋ ಕೆಲಸವಿಲ್ಲದ ಬಡ್ಡಿಮಗ ಅದನ್ನ ಹಿಗ್ಗಿಸಿ, ಬೆಳಕು ಜಾಸ್ತಿ ಮಾಡಿ, ಓದಿದಾನೆ. ನಿನ್ನ ಹೆಸರು. ಮದುವೆಗೆ ಮುಂಚಿನ ಹೆಸರು. ಅಲ್ಲಿಂದ ಸ್ಕೂಲು, ಸ್ಕೂಲಿಂದ ಮನೆ, ಮನೆಯಿಂದ ಫೋನು...

ಆ ಹಾಳೆ? ಆ ಹಾಳೆ ಎಲ್ಲಿ ಸಿಕ್ತು ಅಂತಾನಾ? ಗುಜರಿ ಅಂಗಡೀಲಿ. ಹೌದು, ಬಸ್‌ಸ್ಟ್ಯಾಂಡ್ ಹಿಂದೆ ಇದ್ಯಲ್ಲ, ಅಲ್ಲಿ. ಆ ಡಬ್ಬಿಗೆ ಸಿಕ್ಕಿಸೋ ಹಳೇ ಗೇಮ್ ಕಾರ್ಟ್ರಿಡ್ಜಿನ ಕಟ್ಟು ತಗೊಂಡೆ, ಅದರೊಳಗೆ ಮಡಚಿ ಇಟ್ಟಿತ್ತು. ಇದು ನೀನೇ ಮಾಡಿದ್ದು ಅಂತ ನಂಗೆ ನಿನ್ನೆ ರಾತ್ರಿ ಕಾಮೆಂಟ್ ಓದಿದಾಗ್ಲೇ ಗೊತ್ತಾಗಿದ್ದು. ಆಣೆಗೂ! ಯಾರಿಗೆ ಗೊತ್ತಿತ್ತು ಹೇಳು? ಅಮ್ಮನಿಗೇ ಗೊತ್ತಿಲ್ಲ. ಅಮ್ಮ ಯಾವಾಗ್ಲೂ ‘ಅಕ್ಕ ಆಗ ಎಲ್ಲೋ ಟೈಪಿಂಗ್ ಕೆಲಸಕ್ಕೆ ಹೋಗ್ತಿದ್ಲು’ ಅಂತಾಳೆ.

ಏನಾದ್ರೂ ಅನ್ನು. ‘ಅಯೋಗ್ಯ’ ಅನ್ನು. ಅಪ್ಪ ಅನ್ನೋ ಹಾಗೆ ‘ಅರ್ಧಂಬರ್ಧ’ ಅಂತಾದ್ರೂ ಅನ್ನು. ಅಪ್ಪ ನನ್ನನ್ನ ಆಚೆ ಹಾಕಿದಾಗ ಬ್ಯಾಗ್ ನೋಡಿ ನೀನು ಒಂದೇ ಮಾತು ಕೇಳ್ದೆ, ‘ಚಪ್ಪಲಿ ಎಲ್ಲಿ ಬಿಟ್ಟೆ’ ಅಂತ. ಕಾಲೇಜ್ ಯಾಕೆ ಬಿಟ್ಟೆ ಅಂತ ಕೇಳಲಿಲ್ಲ. ಏಳು ತಿಂಗಳಾಯ್ತು, ಇವತ್ತಿನವರೆಗೂ ಕೇಳಿಲ್ಲ. ಈ ಬಾಗಿಲು ಬಿಟ್ರೆ ನಂಗೆ ಇನ್ನೊಂದು ಬಾಗಿಲಿಲ್ಲ ದೊಡ್ಡಮ್ಮ. ನಂಗೆ ಆ ಫೋನ್ ಮಾಡೋರ ಭಯ ಇಲ್ಲ. ಇದೆ, ಸ್ವಲ್ಪ ಇದೆ. ಆದ್ರೆ ಅದು ಹೊರಗಿನ ಭಯ. ಒಳಗಿನ ಭಯ ಅಂದ್ರೆ ನೀನು ಆ ಪೇಪರೆಲ್ಲ ಜೋಡಿಸಿಟ್ಟು, ಕನ್ನಡಕ ತೆಗೆದು, ಮೆಲ್ಲಗೆ ‘ನಿನ್ನ ಬ್ಯಾಗ್ ಎಲ್ಲಿದೆ ನೋಡು’ ಅಂದ್ರೆ?

ಅನ್ನಲ್ಲ ತಾನೆ? ...ಅನ್ನಲ್ಲ ತಾನೆ?

ನೋಡು, ನಾನು ಸರಿ ಮಾಡ್ತೀನಿ. ಇನ್ನೊಂದು ವಿಡಿಯೊ ಹಾಕ್ತೀನಿ. ನಿನ್ನ ತಪ್ಪು ಏನೂ ಇಲ್ಲ ಅಂತ ಹೇಳ್ತೀನಿ. ಇಲ್ವೇ ಇಲ್ಲ! ಆ ಡಬ್ಬಿ ಒಂದು ಸಲಕ್ಕೆ ಎರಡೇ ಬಾವಲಿ ತೋರ್ಸೋಕೆ ಆಗೋದು. ಟಿವಿ ಸೆಕೆಂಡಿಗೆ ಐವತ್ತು ಸಲ ಚಿತ್ರ ಬಿಡಿಸುತ್ತೆ, ನೀನು ಒಂದು ಸಲ ಇವೆರಡನ್ನ, ಇನ್ನೊಂದು ಸಲ ಅವೆರಡನ್ನ ಕೂರ್ಸಿದೆ. ಅದಕ್ಕೇ ಮಿಟುಕೋದು. ಅದು ದಡ್ಡತನ ಅಲ್ಲ, ಕೈಚಳಕ! ಆ ಮ್ಯಾನೇಜರ್ ‘ಎರಡು ಸಾಕು, ಉಳಿದೆರಡು ತೆಗೆದು ಬಿಸಾಕು, ಮಕ್ಕಳಿಗೇನು ಗೊತ್ತಾಗುತ್ತೆ’ ಅಂದ್ರೂ ನೀನು ಬಗ್ಗಲಿಲ್ಲ. ಪಾರ್ಲರಿನಲ್ಲಿ ಆಡಿ ಬಂದ ಮಗು ಮನೇಲಿ ಮೊದಲು ಬಾವಲಿ ಎಣಿಸುತ್ತೆ, ಎರಡು ಕಮ್ಮಿ ಇದ್ರೆ ನಮಗೆ ಮೋಸ ಆಯ್ತು ಅಂತ ಅಳುತ್ತೆ ಅಂದೆ. ಆರೇ ವಾರ ಟೈಮು, ಮಧ್ಯ ಒಂದು ವಾರ ಟೈಫಾಯ್ಡು, ಆಸ್ಪತ್ರೆ ಮಂಚದ ಮೇಲೆ ಹಾಳೆ ಹರಡ್ಕೊಂಡು ನೀನು...

ಏನು?

ಏನಾಯ್ತು? ಯಾಕೆ ಹಾಗೆ... ನೀನೇ ಹೇಳಿದ್ದಲ್ವಾ ಇದೆಲ್ಲ? ಯಾವತ್ತೋ ಊಟ ಮಾಡ್ತಾ ಹೇಳಿದ್ದೆ. ಇಲ್ವಾ? ಹಾಗಾದ್ರೆ ಅಮ್ಮ... ಹೂಂ, ಅಮ್ಮನಿಗೆ ಗೊತ್ತಿಲ್ಲ ಅಂತ ಈಗ ತಾನೆ ನಾನೇ... ಕಾಮೆಂಟಲ್ಲಿ ಯಾರೋ ಬರ್ದಿದ್ರು. ಹಾಂ, ಕಾಮೆಂಟಲ್ಲಿ. ನಿನ್ನ ಜೊತೆ ಆಗ ಕೆಲಸ ಮಾಡ್ದೋರು ಯಾರೋ ಇರ್ಬೇಕು, ಟೈಫಾಯ್ಡಿನ ವಿಷಯ ಅವರೇ...

ಹಾಗೆ ನೋಡ್ಬೇಡ್ವೇ. ಬೈಯಿ, ಹೊಡಿ, ಆ ಸ್ಕೇಲ್ ತಗೊಂಡು ಬಾರಿಸು. ಬಾಯಿ ಮುಚ್ಕೊಂಡು ಹಾಗೆ ನೋಡ್ತಾ ಮಾತ್ರ ಕೂರ್ಬೇಡ. ನಾನು ಏನೋ ಒಂದು ಹೇಳಿ ಮುಗಿಸ್ತೀನಿ, ನೀನು ಸುಮ್ನೆ ಇರ್ತೀಯಾ, ಆಗ ನಾನು ಹೇಳಿದ್ದೇ ವಾಪಸ್ ಬಂದು ನನ್ನ ಕಿವಿಗೆ ಸುಳ್ಳು ಅಂತ ಕೇಳಿಸುತ್ತೆ.

ಗುಜರಿ ಅಂಗಡಿ ಅಲ್ಲ.

ಅಟ್ಟ. ನಮ್ಮ ಅಟ್ಟ. ನಾನು ಬಂದ ದಿನ ‘ಬ್ಯಾಗ್ ಮೇಲಿಡು’ ಅಂದ್ಯಲ್ಲ, ಅವತ್ತೇ. ಸ್ವೆಟರ್ ತುಂಬಿದ ಸೂಟ್‌ಕೇಸು, ಅದರ ತಳದಲ್ಲಿ ನೋಟ್‌ಬುಕ್ಕು. ಆ ಹಾಳೆ ಅದರೊಳಗೇ ಇತ್ತು. ನಿನ್ನ ಅಕ್ಷರ ನಂಗೆ ಗೊತ್ತಾಗಲ್ವಾ? ಪೂರ್ತಿ ಓದಿದೆ. ಎರಡು ಸಲ. ಕಾರ್ಟ್ರಿಡ್ಜ್ ಎಲ್ಲ ಮಾರಾಟ ಆಗದೆ ವಾಪಸ್ ಬಂದಿದ್ದು, ಆ ಮ್ಯಾನೇಜರ್ ಒಪ್ಪಿಗೆ ಕೊಟ್ಟಿದ್ದ ತನ್ನ ಸಹಿ ಅಳಿಸಿ ಎಲ್ಲಾ ನಿನ್ನ ತಲೆಗೆ ಕಟ್ಟಿದ್ದು, ನಿನ್ನ ಕೈಲಿ ರಾಜೀನಾಮೆ ಪತ್ರ ಬರ್ಸಿ ಕಳ್ಸಿದ್ದು... ಎಲ್ಲ. ಏಳು ತಿಂಗಳಿಂದ ಗೊತ್ತಿತ್ತು. ಗೊತ್ತಿದ್ದೂ ನಿನ್ನ ಕೈ ಊಟ ಉಂಡು, ನಿನ್ನ ಟೇಬಲ್ ಮುಂದೆ, ನೀನು ಸ್ಕೂಲಿಗೆ ಹೋದಾಗ ಕೂತು, ನಿನ್ನ ಬಾವಲಿ ನೋಡಿ ನಕ್ಕೆ. ಉಂಡ ಮನೆಗೆ ಎರಡು ಬಗೆಯೋದು ಅಂತಾರಲ್ಲ, ನಾನು ಬಗೆದಿದ್ದು ಎರಡಲ್ಲ, ಲೆಕ್ಕನೇ ಇಲ್ಲ.

ಇನ್ನೂ ಇದೆ. ಇನ್ನೂ ಒಂದಿದೆ, ಇದನ್ನ ನೀನು ಕೇಳ್ಲೇಬೇಕು.

ಮೊದಲು ವಿಡಿಯೊ ಮಾಡ್ದಾಗ ಅದೆಲ್ಲ ಹಾಕಿದ್ದೆ. ಹೆಸರು ಹೇಳದೇನೆ, ‘ಒಬ್ಬ ಹುಡುಗಿ’ ಅಂತ. ಆರು ವಾರ, ಟೈಫಾಯ್ಡು, ಬಾವಲಿ ಎಣಿಸೋ ಮಗು, ಎಲ್ಲ. ಎರಡು ನಿಮಿಷ. ಚೆನ್ನಾಗಿತ್ತು ದೊಡ್ಡಮ್ಮ, ನಂಗೇ ಕಣ್ಣು ತುಂಬಿತ್ತು. ಆದ್ರೆ ಆ ಎರಡು ನಿಮಿಷ ಕೇಳಿದ ಮೇಲೆ ಮುಂದಿನ ಯಾವ ಜೋಕಿಗೂ ನಗು ಬರ್ತಿರ್ಲಿಲ್ಲ. ಇಡೀ ವಿಡಿಯೊ ಬಿದ್ದುಹೋಗ್ತಿತ್ತು. ಮತ್ತೆ ಮೊದಲಿಂದ ಬರೀಬೇಕು, ಮತ್ತೆ ಮೊದಲಿಂದ ಮಾತಾಡ್ಬೇಕು, ಮತ್ತೆ ಮೊದಲಿಂದ... ನಾನು ಯಾವುದನ್ನೂ ಮತ್ತೆ ಮೊದಲಿಂದ ಮಾಡೋನಲ್ಲ. ಬಿಟ್ಟು ಎದ್ದು ಹೋಗೋನು. ಕಾಲೇಜನ್ನೂ ಹಾಗೇ ಬಿಟ್ಟಿದ್ದು. ನೀನು ಕೇಳಲಿಲ್ಲ, ನಾನೇ ಹೇಳ್ತಿದೀನಿ. ಜಗಳ ಇಲ್ಲ, ಕಾರಣ ಇಲ್ಲ, ಒಂದು ಪರೀಕ್ಷೇಲಿ ಅರ್ಧ ಬರೆದು ಎದ್ದು ಬಂದೆ, ಮತ್ತೆ ಹೋಗ್ಲಿಲ್ಲ. ನಲವತ್ತು ವಿಡಿಯೊ ಶುರು ಮಾಡಿದ್ದೆ, ಇದಕ್ಕೆ ಮುಂಚೆ ಒಂದನ್ನೂ ಮುಗ್ಸಿರ್ಲಿಲ್ಲ.

ಆ ನೋಟ್‌ಬುಕ್ಕಲ್ಲಿ ನಿನಗೆ ಇಪ್ಪತ್ತೆರಡು. ನಂಗೂ ಇಪ್ಪತ್ತೆರಡು. ನಿನಗೆ ಜ್ವರ ನೂರಮೂರಿತ್ತು, ಆದ್ರೂ ಮುಗ್ಸಿದೆ. ನಂಗೆ ಒಂದು ನೆಗಡಿನೂ ಇರ್ಲಿಲ್ಲ. ನಿನ್ನ ಕತೆ ತೆಗೆದ್ರೆ ನನ್ನದು ಮುಗಿಯುತ್ತೆ ಅನ್ನಿಸ್ತು.

ತೆಗೆದೆ. ಮುಗೀತು. ಅವತ್ತು ಸಂಜೆ ನೀನು ಸ್ಕೂಲಿಂದ ಬಂದಾಗ ನಾನು ಕುಣಿದು ಹೇಳಿದ್ನಲ್ಲ, ‘ದೊಡ್ಡಮ್ಮಾ, ಜೀವನದಲ್ಲಿ ಮೊದಲ ಸಲ ಒಂದು ಕೆಲಸ ಪೂರ್ತಿ ಮಾಡಿ ಮುಗಿಸಿದೆ’ ಅಂತ? ಏನು ಅಂತ ಕೂಡ ಕೇಳದೇನೆ ನೀನು ನನ್ನ ತಲೆ ಸವರಿದ್ಯಲ್ಲ?

ಅದು ಇದೇ.