ಆಯುಧಪೂಜೆಯ ಫೋಟೋ

ಬಾಗಿಲ ಹತ್ರದ ಆ ಹಳೇ ಕಾಗ್ದ, ಫೋಟೋ ಮುಟ್ಬೇಡ ಕಣವ್ವ ನೀಲಾವತಿ, ವರ್ಷವಾರು ಜೋಡ್ಸಿಟ್ಟಿವ್ನಿ... ಯಾಕವ್ವ ಬಾಗಿಲಲ್ಲೇ ನಿಂತ್ಬುಟ್ಟೆ? ಮಿಷನ್ ಆಫ್ ಮಾಡಿವ್ನಿ. ಬಾ, ಕೂತ್ಕೊ.

ಯಾವ್ದೋ ದೊಡ್ಡ ಕಂಪ್ನಿಯೋರು ನೋಟಿಸ್ ಕಳ್ಸವ್ರೆ. ಈ ಈರುಳ್ಳಿ ಗ್ರೇಡ್ ಮಾಡೋ ಮಿಷನ್ ಅದೆಯಲ್ಲ, ಇದ್ರ ಡ್ರಮ್ಮು ಅವ್ರ ಪೇಟೆಂಟಂತೆ. ನಾನ್ ಕದ್ದಿವ್ನಂತೆ. ಇನ್ಮೇಲೆ ಮಾರಂಗಿಲ್ಲ, ಮಾರಿರೋದಕ್ಕೂ ದಂಡ ಕಟ್ಟು ಅಂತವ್ರೆ. ನನ್ ವರ್ಕ್‌ಶಾಪೇ ಮುಚ್ಚೋಯ್ತದೆ ಕಣವ್ವ... ಯಾಕ್ ನಗ್ತೀಯ? ಡ್ರಮ್ ಮಾಡ್ದೋನು ನನ್ ಹತ್ರ ಕೆಲ್ಸಕ್ಕಿದ್ದ ನಿನ್ ಗಂಡ ರಂಗರಾಜು ಅಂತ ಗುಂಡ್ಲುಪೇಟೆ ಮಂಡಿಗೆಲ್ಲ ಗೊತ್ತು. ನಾನೇನ್ ಇಲ್ಲ ಅಂದ್ನಾ?

ಚಾಮರಾಜನಗರದ ಲಾಯರಮ್ಮ ಹೇಳವ್ರೆ, ಅವ್ರು ಅರ್ಜಿ ಹಾಕೋಕ್ ಮುಂಚೆನೇ ಮಿಷನ್ ಜನ್ರ ಎದ್ರು ಓಡ್ತಿತ್ತು ಅಂತ ತೋರ್ಸು ಅಂತ. ನಾವೆಲ್ಲಿ ಬಿಲ್ ಬರೀತಿದ್ವು... ಹುಡ್ಕಿ ಹುಡ್ಕಿ ಕೊನೆಗೀ ಫೋಟೋ ಸಿಕ್ತು. ಹಿಡ್ಕೊ. ಮಂಡಿ ಮುಂದೆ ಆಯುಧಪೂಜೆ. ಮಿಷನ್‌ಗೆ ಬಾಳೆಕಂದು ಕಟ್ಟಿ, ವಿಭೂತಿ ಬಳ್ದು, ಕುಂಬಳಕಾಯಿ ಹಿಡ್ಕೊಂಡು ನಿಂತವ್ನೆ ನೋಡು ನಿನ್ ಗಂಡ. ಪೂಜೆ ಆಗಿ ವಾರಕ್ಕೇ ಅಲ್ವಾ ಅವನು ಹೋಗಿದ್ದು. ಫೋಟೋದಲ್ಲಿ ತಾರೀಕಿಲ್ಲ. ಅವನ ಮರಣಪತ್ರ ಪಕ್ಕದಲ್ಲಿಟ್ರೆ ತಾರೀಕು ತಾನೇ ಬತ್ತದೆ, ಕಂಪ್ನಿ ಅರ್ಜಿ ಅದಾದ್ಮೇಲಿಂದು. ಇವ್ರು ನನ್ ಯಜಮಾನ್ರು ಅಂತ ನೀನೊಂದ್ ಹೆಬ್ಬೆಟ್ಟು ಒತ್ಬುಟ್ರೆ ಆಯ್ತು.

ಈಗ್ಲೂ ಸ್ವಿಚ್ ಹಾಕಿದ್ರೆ ಬೆಲ್ಟು ಒಂದ್ ಗಳಿಗೆ ತಡೀತದೆ ಕಣವ್ವ... ಯಾರೋ ಹಿಡ್ಕಂಡಂಗೆ. ಬೆಲ್ಟ್ ಮೇಲಿನ್ ತಗಡಿನ ಕವರ್ ಬಿಚ್ಬೇಡ ಕಣ್ಲಾ ಅಂತ ಎಷ್ಟ್ ಹೇಳ್ದೆ. ಕೇಳ್ಲಿಲ್ಲ. ಬಿಚ್ಬುಟ್ಟ, ಹೆಗಲ್ ಮೇಲಿನ್ ಟವಲ್ ಸಿಕ್ಕಾಕ್ಕೊಂತು... ಪೊಲೀಸ್ನೋರ್ ಮುಂದೂ ಅದನ್ನೇ ಹೇಳ್ದೆ. ತಪ್ಪು ಅವನ್ದೇ ಅಂತ ಬರ್ಕೊಂಡ್ರು, ನಿಂಗೆ ಪರಿಹಾರ ಬರ್ಲಿಲ್ಲ. ನಾನೇನ್ ಮಾಡ್ಲಿ?

ಏನಂಗೆ ನೋಡ್ತಿದ್ದೀಯ? ಮುಖ ನೋಡವ್ವ, ಮುಖ. ಬೆಲ್ಟ್ ಹತ್ರ ಯಾಕ್ ಬೆರಳಿಟ್ಟೆ... ಕವರಾ? ಪೂಜೆ ದಿನ ಬಿಚ್ಚಿಟ್ಟಿದ್ವು. ಕುಂಕುಮ ಇಡೋಕೆ. ಹಂಗೇ ಇರ್ಬೇಕು. ಕವರ್ ಕೂರ್ಸೋ ಬೋಲ್ಟಿನ್ ತೂತೂ ಇಲ್ವಾ? ಸಣ್ಣವು, ಫೋಟೋದಲ್ಲಿ ಕಾಣಲ್ಲ ಬುಡು.

ಎಲ್ಲಿಗೆದ್ದೆ? ಮಿಷನ್ ಹತ್ರ ಬೇಡ... ಅದೇ ಮಿಷನ್ನೇ ಕಣವ್ವ, ಇನ್ಯಾವ್ದು? ಕವರ್ ಒಂದು ಅವನು ಹೋದ್ಮೇಲೆ ಹಾಕ್ಸಿ...

ನೀಲಾವತಿ.

ಫೋಟೋ ಯಾಕ್ ಸೆರಗಿಗೆ ಕಟ್ತಿದ್ದೀಯ? ಇಲ್ಲಿ ಕೊಡವ್ವ. ಅದೊಂದೇ ಸಾಕ್ಷಿ ಇರೋದು.