ಬೇರೆ ಕಟ್ಟಿಟ್ಟ ಅಕ್ಕಿ

ಕೇಳುವವನು ಇದ್ದಾನೆಯೇ? ಇದ್ದರೆ, ಸಾರಮ್ಮ ನೋವಿನಲ್ಲಿ ಕೂಗಿದ ಆ ನಲವತ್ತು ದಿನ ಅವನು ಎಲ್ಲಿದ್ದ? ಇಲ್ಲದಿದ್ದರೆ, ಈ ಹಿಡಿ ಅಕ್ಕಿ ಯಾರಿಗೆ?

ನೋಡಿ, ಒಂದೂರಲ್ಲಿ ಒಬ್ಬ ದರ್ಜಿ ಇದ್ದ. ಶ್ರೀಮಂತನಲ್ಲ. ಪ್ರಭುದಾಸ ಎಂದು ಹೆಸರು. ಹೆಂಡತಿ ಸಾರಮ್ಮ ತೀರಿಹೋದ ಮೇಲೆ ದಿನಾ ಬೆಳಿಗ್ಗೆ ಒಲೆಯ ಮುಂದೆ, ಮುಷ್ಟಿಯಲ್ಲಿ ಅಕ್ಕಿ ಹಿಡಿದು ನಿಂತಾಗ, ಅವನ ಮನಸ್ಸು ಕೇಳುತ್ತಿದ್ದ ಪ್ರಶ್ನೆ ಇದು.

ಆ ಊರಿನ ಕ್ರೈಸ್ತ ಸಭೆಯಲ್ಲಿ ಹಿಡಿಯಕ್ಕಿಯ ಪದ್ಧತಿ ಇತ್ತು. ಅನ್ನಕ್ಕಿಡುವ ಮುಂಚೆ ಪ್ರತಿ ಮನೆಯವರೂ ಒಂದು ಹಿಡಿ ತೆಗೆದು, ಒಂದು ಮಾತು ಪ್ರಾರ್ಥಿಸಿ, ಗೋಡೆಗೆ ತೂಗುಹಾಕಿದ ಬಟ್ಟೆಯ ಚೀಲಕ್ಕೆ ಹಾಕಬೇಕು. ತಿಂಗಳ ಮೊದಲ ಭಾನುವಾರ ಎಲ್ಲ ಚೀಲಗಳೂ ದೇವಾಲಯದ ಮರದ ಪೆಟ್ಟಿಗೆಯಲ್ಲಿ ಬರಿದಾಗಬೇಕು. ಸಭೆಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೂರು ದಿನ ಅಲ್ಲಿ ಒಲೆ ಹೊತ್ತಿಸುವ ಹಾಗಿಲ್ಲ. ಆ ಪೆಟ್ಟಿಗೆಯ ಅಕ್ಕಿಯ ಗಂಜಿಯೇ ಅವರಿಗೆ ಹೋಗುತ್ತಿತ್ತು. ಊರಿನ ಚೀಲಗಳನ್ನೆಲ್ಲ ಹೊಲಿದುಕೊಟ್ಟವನು ಇದೇ ಪ್ರಭುದಾಸ.

ಸಾರಮ್ಮ ಹಿಡಿ ಹಾಕುವಾಗ, ಇದು ಯಾರ ಹಸಿವಿಗೋ ಕರ್ತನೇ, ನಿನಗೇ ಗೊತ್ತು ಎನ್ನುತ್ತಿದ್ದಳು. ಅವಳ ರೂಢಿ ಅವನ ಕೈಗೆ ಬಂತು, ಆ ಮಾತು ಬಾಯಿಗೆ ಬರಲಿಲ್ಲ. ಪ್ರಾರ್ಥನೆ ಇಲ್ಲದ ಅಕ್ಕಿ ಕರ್ತನ ಪೆಟ್ಟಿಗೆಗೆ ಬೀಳಬಾರದು, ಅದು ಸುಳ್ಳು ಕಾಣಿಕೆ ಎಂದುಕೊಂಡ. ಏನು ಮಾಡಿದ? ಬೇರೊಂದು ಚೀಲ ಹೊಲಿದ. ನಾಲ್ಕು ತಿಂಗಳ ಮೂಕ ಹಿಡಿಗಳನ್ನೆಲ್ಲ ಅದರಲ್ಲಿ ತುಂಬಿ ಬಾಯಿ ಕಟ್ಟಿಟ್ಟ. ಆರಾಧನೆಗೆ ಬರುವುದನ್ನೂ ಬಿಟ್ಟ.

ಕಡೆಗೊಂದು ಭಾನುವಾರ, ಗಂಟೆ ಹೊಡೆಯುವ ಮುಂಚೆಯೇ, ಸಾರಮ್ಮನ ಬರಿದಾದ ಚೀಲ, ತನ್ನ ತುಂಬಿದ ಚೀಲ ಎರಡನ್ನೂ ಹಿಡಿದು ಹೊರಟ. ಒಪ್ಪಿಸುವುದು, ಸಭೆಯ ಪಟ್ಟಿಯಿಂದ ನನ್ನ ಹೆಸರು ತೆಗೆಯಿರಿ ಎನ್ನುವುದು, ಬಂದುಬಿಡುವುದು. ಅಷ್ಟೇ.

ಪೆಟ್ಟಿಗೆ ನೋಡಿಕೊಳ್ಳುತ್ತಿದ್ದವಳು ತಬಿತಮ್ಮ, ಎಪ್ಪತ್ತು ದಾಟಿದ ವಿಧವೆ. ದೇವಾಲಯದ ಜಗಲಿಯಲ್ಲಿ ಮೊರ ಹಿಡಿದು ಕೂತಿದ್ದಳು. ಅವನು ಹೇಳಬೇಕಾದ್ದನ್ನೆಲ್ಲ ತಡವರಿಸುತ್ತ ಹೇಳಿದ. ಆಕೆ ಚೀಲದ ಗಂಟು ಬಿಚ್ಚಿದಳು. ಅಕ್ಕಿಯಲ್ಲಿ ಹುಳ ಹರಿದಾಡುತ್ತಿತ್ತು.

"ನೋಡಿದಿರಾ ತಬಿತಕ್ಕ, ಪ್ರಾರ್ಥನೆ ಇಲ್ಲದ ಅಕ್ಕಿ," ಎಂದ.

"ಪ್ರಾರ್ಥನೆ ಇಲ್ಲದ್ದಕ್ಕಲ್ಲ ಕಣಪ್ಪ ಹುಳ ಬಿದ್ದದ್ದು. ಬೇರೆ ಇಟ್ಟದ್ದಕ್ಕೆ." ಅಕ್ಕಿಯನ್ನು ಮೊರಕ್ಕೆ ಸುರಿದು ಕೇರತೊಡಗಿದಳು. "ನಮ್ಮ ಸಭೆಯ ಹಿರಿಯರ ಮನೆ ಅಕ್ಕಿಯಲ್ಲಿ ಪ್ರಾರ್ಥನೆಯೂ ಜಾಸ್ತಿ, ಕಲ್ಲೂ ಜಾಸ್ತಿ. ನಿನ್ನದರಲ್ಲಿ ಕಲ್ಲಾದರೂ ಇಲ್ಲ."

ಅವನು ನಗಲಿಲ್ಲ. ಆಕೆ ಮೊರದಿಂದ ಕಣ್ಣೆತ್ತದೆ ಹೇಳಿದಳು:

"ಹೋದ ವರ್ಷ ನನ್ನ ಮಗ ತೀರಿಕೊಂಡ ಮೇಲೆ ತುಂಬಾ ದಿನ ನನ್ನ ಬಾಯಲ್ಲೂ ಪ್ರಾರ್ಥನೆ ಬರಲಿಲ್ಲ. ಹಿಡಿ ಮಾತ್ರ ಬಿಡಲಿಲ್ಲ. ಸಾರಮ್ಮ ಹೋದಾಗ ಮೂರು ದಿನ ಗಂಜಿ ಕುಡಿದೆಯಲ್ಲ, ಅದರಲ್ಲಿ ನನ್ನ ಮೂಕ ಅಕ್ಕಿಯೂ ಇತ್ತು. ನಿನ್ನ ಹೊಟ್ಟೆಗೆ ಗೊತ್ತಾಯಿತೇನಪ್ಪ?"

ಆ ಮೂರು ದಿನ ಪ್ರಭುದಾಸನನ್ನು ಉಳಿಸಿದ್ದು ಆ ಗಂಜಿ. ಕೇರಿದ ಅಕ್ಕಿಯನ್ನು ತಾನೇ ಎತ್ತಿ ಪೆಟ್ಟಿಗೆಗೆ ಸುರಿದ. ಬಗ್ಗಿ ನೋಡಿದ. ತನ್ನ ಕಾಳು ಯಾವುದೆಂದು ಅವನಿಗೇ ತಿಳಿಯಲಿಲ್ಲ. ಸಾರಮ್ಮನ ಚೀಲವನ್ನು ಮಡಿಸಿ ಜೇಬಿಗಿಟ್ಟುಕೊಂಡ. ಗಂಟೆ ಹೊಡೆಯಿತು. ಹೋಗಿ ಕಡೆಯ ಬೆಂಚಿನಲ್ಲಿ ಕೂತ.

ಈಗ ನೀವು ಹೇಳಿ. ನಿಮ್ಮ ಮನೆಯಲ್ಲಿ ಇಂಥ ಬೇರೆ ಚೀಲ ಇಲ್ಲವೇ? ಸಂಶಯ ತೀರಲಿ, ಆಮೇಲೆ ದೇವರ ಮುಂದೆ ಹೋಗೋಣ ಎಂದು ಕಟ್ಟಿಟ್ಟದ್ದು? ನೋಡಿ, ನಮ್ಮ ಕರ್ತನೂ ಶಿಲುಬೆಯ ಮೇಲೆ, ಯಾಕೆ ಕೈಬಿಟ್ಟೆ ಎಂದು ತಂದೆಯನ್ನು ಕೇಳಿದ. ಉತ್ತರ ಬರಲಿಲ್ಲ. ಆದರೂ ತನ್ನ ಆತ್ಮವನ್ನು ಅದೇ ತಂದೆಯ ಕೈಗೆ ಒಪ್ಪಿಸಿದ. ಮೂರನೆಯ ದಿನ ಆ ಕೈ ಅವನನ್ನು ಎಬ್ಬಿಸಿತು. ನಮ್ಮ ಭರವಸೆ ಆ ಕೈಯಲ್ಲಿದೆ. ನಮ್ಮ ಮುಷ್ಟಿ ಸಡಿಲವಾದರೂ ಅದು ಸಡಿಲವಾಗದು.

ನಾಳೆ ಬೆಳಿಗ್ಗೆ ಅಕ್ಕಿ ತೊಳೆಯುವ ಮುಂಚೆ, ಮಾತು ಬಂದರೆ ಮಾತಿನ ಜೊತೆ, ಬಾರದಿದ್ದರೆ ಸುಮ್ಮನೆ, ಒಂದು ಹಿಡಿ ಹಾಕಿ. ಬೇರೆ ಚೀಲಕ್ಕಲ್ಲ, ಎಂದಿನ ಚೀಲಕ್ಕೇ ಹಾಕಿ. ಆರಾಧನೆಯಲ್ಲಿ ಪಕ್ಕದಲ್ಲಿ ಹಾಡದೆ ಕೂತವನನ್ನು, ಯಾಕೆ ಹಾಡುತ್ತಿಲ್ಲ ಎಂದು ಕೇಳಬೇಡಿ. ಸ್ವಲ್ಪ ಸರಿದು ಜಾಗ ಕೊಡಿ.

ಪ್ರಭುದಾಸ ಇನ್ನೂ ಹನ್ನೊಂದು ವರ್ಷ ಬದುಕಿದ. ಒಂದು ದಿನವೂ ಹಿಡಿ ತಪ್ಪಿಸಲಿಲ್ಲ, ಒಂದು ಭಾನುವಾರವೂ ಆ ಬೆಂಚನ್ನು ಖಾಲಿ ಬಿಡಲಿಲ್ಲ. ನನ್ನ ಸಂಶಯ ತೀರಿತು ಎಂದು ಮಾತ್ರ ಅವನು ಒಮ್ಮೆಯೂ ಹೇಳಲಿಲ್ಲ.